ಬೈಗುಳಕ್ಕೆ ಅಡ್ಡ ಪರದೆ ಎಳೆಯುವ ನಿಂಗರಾಜು

ಬೆಳಗಿನ ಐದೂವರೆ. ನಂಜನಗೂಡಿನ ಕಲ್ಯಾಣ ಮಂಟಪವೊಂದರ ವೇದಿಕೆಯ ಮೇಲೆ ಎರಡೇ ಟ್ಯೂಬ್‌ಲೈಟು ಉರಿಯುತ್ತಿವೆ. ಏಣಿಯ ತುದಿಯಲ್ಲಿ ನಿಂತ ನಿಂಗರಾಜು ಅಡ್ಡ ಕಟ್ಟಿದ ಗಳಕ್ಕೆ ರಾಟೆ ಬಿಗಿಯುತ್ತಿದ್ದಾರೆ. ಕೆಳಗೆ ಅವರ ಹೆಂಡತಿ ಚಲುವಮ್ಮ ಅರಮನೆಯ ಚಿತ್ರವಿರುವ ಪರದೆಯನ್ನು ನೆಲದ ಮೇಲೆ ಹಾಸಿಕೊಂಡು, ಸೂಜಿಗೆ ದಾರ ಪೋಣಿಸುತ್ತಿದ್ದಾರೆ.

"ನೋಡಿಲ್ಲಿ, ರಾಜರ ಅರಮನಗ ಇಲಿ ನುಗ್ಗವ. ಒಂದ್ ಕಂಬನೇ ತಿಂದಾಕವ" ಎನ್ನುತ್ತಾರೆ ಚಲುವಮ್ಮ.

"ಸುಮ್ನ ಒಲಿ ಮತ್ತ. ರಾಜಂಗ ಏಳ್ಬುಟ್ಟಿಯ" ಎಂದು ಮೇಲಿನಿಂದ ಉತ್ತರ ಬರುತ್ತದೆ.

ಹತ್ತು ಗಂಟೆಗೆ ಇಲ್ಲಿ 'ರತ್ನಕೇತು ವಿಜಯ' ಎಂಬ ಸಂಗೀತ ನಾಟಕ ಶುರುವಾಗಬೇಕು. ಇಪ್ಪತ್ತೆಂಟು ವರ್ಷ ಮೂಲೆಯಲ್ಲಿದ್ದ ಈ ನಾಟಕವನ್ನು ಮೂಗೂರಿನ ಹವ್ಯಾಸಿ ಮಂಡಳಿಯೊಂದು ಮತ್ತೆ ರಂಗಕ್ಕೆ ತಂದಿದೆ. ಇದು ಎರಡನೆಯ ಪ್ರದರ್ಶನ. ತಿಂಗಳ ಹಿಂದೆ ಮೂಗೂರಿನಲ್ಲೇ ನಡೆದ ಮೊದಲನೆಯದು ಜನರಿಗೆ ಹಿಡಿಸಲಿಲ್ಲ. ಹಿಡಿಸದಿದ್ದುದಕ್ಕೆ ಕಾರಣ ಪರದೆ ಎಳೆಯುವವನು ಎಂದು ಜನ ಅಂದೇ ತೀರ್ಮಾನಿಸಿದರು. ಆ ತೀರ್ಮಾನ ನಿಂಗರಾಜು ಅವರ ಕಸುಬನ್ನೇ ಕಿತ್ತುಕೊಳ್ಳುವುದರಲ್ಲಿತ್ತು.

ನಿಂಗರಾಜು ಅವರಿಗೆ ಈಗ ಐವತ್ತೆಂಟು. ತಿ. ನರಸೀಪುರದಲ್ಲಿ ಮನೆಗೆ ಹೊಂದಿಕೊಂಡ ತಗಡಿನ ಶೆಡ್ಡಿನಲ್ಲಿ ಅವರ ಸೀನರಿ ಇದೆ. ಅರಮನೆ, ಕಾಡು, ಬೀದಿ, ಸೆರೆಮನೆ, ಹೂದೋಟ ಎಂದು ಹನ್ನೊಂದು ಪರದೆಗಳ ಸುರುಳಿಗಳು ಗೋಡೆಗೊರಗಿ ನಿಂತಿವೆ. ಅವುಗಳ ಮೇಲೆ ಬುದ್ಧನ ಮತ್ತು ಅಂಬೇಡ್ಕರ್ ಅವರ ಪಟ. ಸಂಕ್ರಾಂತಿಯಿಂದ ಮಳೆ ಹಿಡಿಯುವ ತನಕ ನರಸೀಪುರ, ನಂಜನಗೂಡು ಎರಡೂ ತಾಲ್ಲೂಕುಗಳ ಹಳ್ಳಿಗಳಿಂದ ನಲವತ್ತು, ಒಳ್ಳೆಯ ವರ್ಷದಲ್ಲಿ ಐವತ್ತು ನಾಟಕಗಳಿಗೆ ಕರೆ ಬರುತ್ತದೆ. ಉಳಿದ ತಿಂಗಳು ಮನೆಗಳಿಗೆ ಸುಣ್ಣಬಣ್ಣದ ಕೆಲಸ. ಒಂದು ನಾಟಕದಲ್ಲಿ ಪರದೆ ಐವತ್ತು ಸಲವಾದರೂ ಮೇಲೆ ಕೆಳಗೆ ಆಗುತ್ತದೆ. ಬಲಗೈ ಹೆಗಲಿಗಿಂತ ಮೇಲೇಳುವುದನ್ನು ಎರಡು ವರ್ಷದ ಹಿಂದೆಯೇ ಬಿಟ್ಟಿದೆ. ಈಗ ಎಡಗೈಯಲ್ಲಿ ಎಳೆಯುತ್ತಾರೆ.

ಅವರು ಕೂರುವುದು ವೇದಿಕೆಯ ಬಲಮಗ್ಗುಲಲ್ಲಿ, ಒಂದು ಮರದ ಮಣೆಯ ಮೇಲೆ. ಅಲ್ಲಿಂದ ನಟರ ಒಂದು ಕಿವಿ, ಒಂದು ಕೆನ್ನೆ ಕಾಣುತ್ತದೆ. ಪ್ರೇಕ್ಷಕರು ಕಾಣುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರು ವಿಷಲ್ ಊದಿದಾಗ ಪರದೆ ಬಿಡಬೇಕು, ಇನ್ನೊಮ್ಮೆ ಊದಿದಾಗ ಎತ್ತಬೇಕು. ಇದು ಎಲ್ಲರಿಗೂ ಗೊತ್ತಿರುವ ನಿಯಮ. ಇನ್ನೊಂದು ನಿಯಮ ಪ್ರೇಕ್ಷಕರಿಗೆ ಗೊತ್ತಿಲ್ಲ. ನಟ ಮಾತು ಮರೆತು ಒದ್ದಾಡಿದರೆ, ಜನ ಅವನನ್ನು ಆಡಿಕೊಳ್ಳಲು ಶುರು ಮಾಡಿದರೆ, ವಿಷಲ್ಲಿಗೆ ಕಾಯದೆ ಪರದೆ ಬೀಳಿಸಬೇಕು. ತಪ್ಪು ತನ್ನದೆಂದು ಪರದೆಯವನೇ ಹೊರಬಂದು ಕೈಮುಗಿಯಬೇಕು.

"ಬೈಸ್ಕಳದೂ ಕೆಲ್ಸನೇ ಸಾ" ಎನ್ನುತ್ತಾರೆ ನಿಂಗರಾಜು. "ಪಾರ್ಟ್ ಮಾಡವ್ರು ಯಾರು? ಅದೇ ಊರ್ನವ್ರು. ಅವ್ರ ನೆಂಟ್ರು ಮುಂದ್ಗಡ ಕುಂತಿರ್ತರ. ನಾಳಕ ಅದೇ ಬೀದಿಲಿ ಓಡಾಡ್ಬೇಕು. ನಾನು ಪರದ ಸುತ್ಕಂಡು ಗೂಡ್ಸ್ ಆಟೊ ಅತ್ತುದ್ರ ಆಯ್ತು. ನನ್ ಮಕ ಯಾರ್ಗ ಗ್ಯಾಪ್ನ ಇರ್ತದ?"

ಎಲ್ಲಿ ಬೀಳಿಸಬೇಕು ಎಂಬುದು ಹೇಗೆ ತಿಳಿಯುತ್ತದೆ? "ಸದ್ದಲ್ಲಿ. ಜನ ನಗ್ತಾರಲ್ಲ, ಕೋಡಂಗಿಗ ನಗದ್ಕೂ ನಟುನ್ಗ ನಗದ್ಕೂ ಬ್ಯಾರ ಸದ್ದು."

'ರತ್ನಕೇತು ವಿಜಯ' ಬರೆದವರು ಇದೇ ಸೀಮೆಯ ನಾಟಕದ ಮೇಷ್ಟ್ರು, ದಿವಂಗತ ಕರಿಯಯ್ಯ. ಸುಳ್ಳು ಹೇಳಲಾರದೆ ರಾಜ್ಯ ಬಿಟ್ಟ ಅರಸನ ಕಥೆ. ಐವತ್ತು ದಾಟಿದವರ ಬಾಯಲ್ಲಿ ಅದರ ಹಾಡುಗಳು ಇವತ್ತಿಗೂ ಇವೆ. ಆದ್ದರಿಂದಲೇ ಮೂಗೂರಿನ ಸಂತೆಮಾಳದಲ್ಲಿ ಆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲ ಕುರ್ಚಿ ತುಂಬಿ, ಬಿಸಿಲಿನಲ್ಲಿ ಕೊಡೆ ಹಿಡಿದು ನಿಂತವರೂ ಇದ್ದರು. ಜನ ಕೆಟ್ಟ ಮನಸ್ಸಿನಿಂದ ಬಂದಿರಲಿಲ್ಲ. ಹಳೆಯದನ್ನು ಮತ್ತೆ ಕೇಳುವ ಆಸೆಯಿಂದ ಬಂದಿದ್ದರು.

ರತ್ನಕೇತುವಿನ ಪಾತ್ರ ಚಿಕ್ಕಬಸಪ್ಪ ಅವರದು. ಗೊಬ್ಬರದ ಅಂಗಡಿ ಇಟ್ಟಿರುವ ರೈತ. ಮೂವತ್ತಮೂರನೆಯ ವಯಸ್ಸಿನಲ್ಲಿ ಇದೇ ಪಾತ್ರ ಮಾಡಿ ಹೆಸರಾದವರು, ಈಗ ಅರವತ್ತೊಂದು. ಅವರನ್ನು ಬಿಟ್ಟು ಬೇರೆಯವರಿಗೆ ಪಾತ್ರ ಕೊಡುವ ಮಾತು ಮಂಡಳಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ತಪ್ಪಿದ್ದು ಬೇರೆ ಕಡೆ. ಕರಿಯಯ್ಯನವರು ಆ ಪಾತ್ರದ ಹಾಡುಗಳಿಗೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆಯನ್ನು ಶ್ರುತಿಯಾಗಿ ಗೊತ್ತುಮಾಡಿದ್ದರು. ಮೂವತ್ತಮೂರರ ಗಂಟಲಿಗೆ ಇಟ್ಟ ಎತ್ತರ ಅದು. ಮಂಡಳಿ ಅದನ್ನೇ ಉಳಿಸಿಕೊಂಡಿತು.

"ಗುರುಗಳು ಇಟ್ಟ ಶ್ರುತಿ. ಇಳಿಸಿದ್ರೆ ಅವರನ್ನೇ ಇಳಿಸ್ದಂಗೆ ಅನ್ಸ್ತು" ಎನ್ನುತ್ತಾರೆ ಹಾರ್ಮೋನಿಯಂ ನುಡಿಸುವ, ಮಂಡಳಿಯ ಕಾರ್ಯದರ್ಶಿಯೂ ಆದ ಅಮೃತೇಶ್. "ತಾಲೀಮ್‌ನಲ್ಲಿ ಚಿಕ್ಕಬಸಪ್ಪೋರು ಮೆಲ್ಲಗೆ ಹಾಡಿ ದಾಟಿಸ್ತಿದ್ರು. ಆವತ್ತಿಗೆ ಸರಿಹೋಗುತ್ತೆ ಅಂದ್ಕೊಂಡ್ವಿ."

ಸರಿಹೋಗಲಿಲ್ಲ. ಈ ಕಡೆಯ ರೂಢಿಯಂತೆ, ನಟನ ಮೊದಲ ಹಾಡು ಮುಗಿದ ಕೂಡಲೇ ನೆಂಟರು ವೇದಿಕೆ ಹತ್ತಿ ಹಾರ ಹಾಕುತ್ತಾರೆ. ಚಿಕ್ಕಬಸಪ್ಪ ಅವರ ಹೊಸ ಬೀಗರು ತಗಡೂರಿನಿಂದ ಬಂದು, ನಾಲ್ಕು ಜನ ಹೊರುವಷ್ಟು ದೊಡ್ಡ ಸೇಬಿನ ಹಾರ ಹಿಡಿದು ಮುಂದಿನ ಸಾಲಿನಲ್ಲೇ ಇದ್ದರು. ಹಾಡಿನ ಮೊದಲ ಸಾಲು ನಡೆಯಿತು. ಎರಡನೆಯ ಸಾಲು ಮೇಲಕ್ಕೆ ಹೋಗಬೇಕಾದಲ್ಲಿ ದನಿ ಒಡೆಯಿತು. ಅಮೃತೇಶ್ ಮತ್ತೆ ಶುರುವಿನಿಂದ ನುಡಿಸಿದರು. ಮತ್ತೆ ಅಲ್ಲೇ ಒಡೆಯಿತು.

"ರಾಜಂಗ ಬಿಸ್ನೀರ್ ಕೊಡ್ರಪ್ಪೋ" ಎಂದು ಹಿಂದಿನಿಂದ ಒಂದು ದನಿ. "ಏ, ಏಣಿ ತತ್ತಾ, ಆಕಾಸದಲ್ಲಿ ಸಿಕ್ಕಾಕಂಡವ್ರ, ಇಳ್ಸು" ಎಂದು ಇನ್ನೊಂದು. ಶಿಳ್ಳೆ ಎದ್ದಿತು. ಮೂರನೆಯ ಸಲ ಚಿಕ್ಕಬಸಪ್ಪ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಪರದೆ ದೊಪ್ಪನೆ ಬಿತ್ತು. ವಿಷಲ್ ಕೇಳಿರಲಿಲ್ಲ. ಪಕ್ಕದಿಂದ ನಿಂಗರಾಜು ಹೊರಬಂದು ಕೈಮುಗಿದರು.

"ಅಗ್ಗ ಜಾರ್ಬುಡ್ತು. ಸೆಮುಸ್ಬೇಕು ಸ್ವಾಮಿ."

ನಗು ರಾಜನಿಂದ ಪರದೆಯವನ ಕಡೆಗೆ ತಿರುಗಿತು. "ಏನ್ಲಾ ಪರದೆಯವ್ನೆ, ನಿದ್ದ ಒಡೀತಿದ್ಯಾ?" "ಕಾಸ್ ಈಸ್ಕಂಡಿಲ್ವೇನ್ಲಾ?" ನೀರಿನ ಖಾಲಿ ಬಾಟಲಿಯೊಂದು ಬಂದು ಅವರ ಹೆಗಲಿಗೆ ತಾಗಿತು. ಕಾಲು ಗಂಟೆ ಬಿಟ್ಟು ಪರದೆ ಎದ್ದಾಗ ಹಾಡನ್ನು ಕೈಬಿಟ್ಟಿದ್ದರು. ಬೀಗರು ಹಾರ ಹಾಕಿದರು. ಮಾನ ಉಳಿಯಿತು, ನಾಟಕ ಉಳಿಯಲಿಲ್ಲ. ರತ್ನಕೇತುವಿನ ಹಾಡುಗಳನ್ನೆಲ್ಲ ಮಾತಾಗಿಸಿ ಮುಗಿಸಿದರು.

ಮುಗಿದ ಮೇಲೆ ಟೀ ಅಂಗಡಿಯ ಮುಂದೆ ಅಭಿಪ್ರಾಯಗಳಿಗೆ ಬರವಿರಲಿಲ್ಲ. "ಆಡು ಕೇಳಕ ಬಂದೆ ಕನಪ್ಪ, ಬರೀ ಮಾತೇ ಆಡ್ಬುಟ್ರು. ಮಾತ ನಮ್ ಮನಲೇ ಬೇಕಾದಷ್ಟು ಕೇಳ್ತೀನಿ" ಎಂದರು ಸೊಸೆಯೊಂದಿಗೆ ಬಂದಿದ್ದ ಚನ್ನಾಜಮ್ಮ. ಹಳೆಯ ಪ್ರದರ್ಶನ ನೋಡಿದ್ದವರೊಬ್ಬರು, ಆಗಲೂ ಇಷ್ಟೇ ಇತ್ತೇನೋ, ನಮಗೇ ವಯಸ್ಸಿತ್ತು ಎಂದು ನಕ್ಕರು. ಮೂರನೆಯವರು ಗ್ಲಾಸು ಇಡುತ್ತ ಹೇಳಿದರು: "ಎಲ್ಲಾ ಸರಿಯಾಗೇ ಇತ್ತು ಕಣ್ರೀ. ಆ ಪರದೆಯವ್ನು ಕೆಡಿಸ್ಬುಟ್ಟ." ಸಂಜೆಯ ಹೊತ್ತಿಗೆ ಊರಿನಲ್ಲಿ ಉಳಿದದ್ದು ಈ ಮೂರನೆಯ ಮಾತು. ನಾಟಕವನ್ನು ಮೆಚ್ಚಲೇಬೇಕೆಂದು ಬಂದವರಿಗೆ, ಮೆಚ್ಚದಿರಲು ನಾಟಕದ ಹೊರಗಿನ ಕಾರಣವೊಂದು ಬೇಕಿತ್ತು.

ಸಾಮಾನ್ಯವಾಗಿ ಇಂಥ ಬೈಗುಳ ಆ ದಿನಕ್ಕೆ ಮುಗಿಯುತ್ತದೆ. ಈ ಸಲ ಮುಗಿಯಲಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ಓಡಾಡಿತು. ಅದರಲ್ಲಿ ಹಾಡು ಇರಲಿಲ್ಲ. ಪರದೆ ಬೀಳುವುದು, ನಿಂಗರಾಜು ಕೈಮುಗಿಯುವುದು ಮಾತ್ರ ಇತ್ತು. ಪರದೆಯ ತಳದಲ್ಲಿ ಕಟ್ಟಿರುವುದು ಉದ್ದನೆಯ ಬಿದಿರು ಗಳ. ಹಗ್ಗ ಜಾರಿದರೆ ಅದು ಯಾರ ತಲೆಯ ಮೇಲಾದರೂ ಬೀಳಬಹುದು. ಮುಂದಿನ ನಾಟಕಗಳಿಗೆ ಹೇಳಿಟ್ಟಿದ್ದ ಎರಡು ಊರುಗಳವರು ಫೋನ್ ಮಾಡಿ, ಬೇರೆ ಸೀನರಿ ಗೊತ್ತುಮಾಡಿದ್ದೇವೆ ಎಂದರು.

ನಿಂಗರಾಜು ಆಗಲೂ ಬಾಯಿ ಬಿಡಲಿಲ್ಲ. ಹಗ್ಗ ಜಾರಲಿಲ್ಲ ಎಂದರೆ, ಹಾಗಾದರೆ ಯಾಕೆ ಬಿಟ್ಟೆ ಎಂಬ ಪ್ರಶ್ನೆ ಬರುತ್ತದೆ. ಅದರ ಉತ್ತರ ಚಿಕ್ಕಬಸಪ್ಪ ಅವರ ಮನೆ ಬಾಗಿಲಿಗೆ ಹೋಗುತ್ತದೆ. "ಮಂದಿ ಮಾನ ಮುಚ್ಚಕ ಓಗಿ ನಮ್ ಅನ್ನಕ ಕಲ್ ಆಕಂಡ್ರು" ಎಂದು ಚಲುವಮ್ಮ ಈಗಲೂ ಗಂಡನ ಎದುರೇ ಹೇಳುತ್ತಾರೆ. "ಎಂಟ್ ದಿನ ಮಾತಾಡ್ಲಿಲ್ಲ ನಾನು. ಇವ್ರ್ಗ ಅದೂ ಆರಾಮೇ ಆಯ್ತು."

ವಿಷಯ ಹೊರಬಿದ್ದದ್ದು ಎರಡನೆಯ ಪ್ರದರ್ಶನಕ್ಕೆಂದು ಮಂಡಳಿ ಸಭೆ ಸೇರಿದಾಗ. ನಿಂಗರಾಜು ಅಲ್ಲಿರಲಿಲ್ಲ. ನಂಜನಗೂಡಿಗೆ ಮೈಸೂರಿನಿಂದ ಸೀನರಿ ತರಿಸೋಣ, ಇವನ ಹಗ್ಗ ನಂಬೋಕಾಗಲ್ಲ ಎಂದು ಒಬ್ಬರು ಹೇಳಿದರು. ಆಗ ಚಿಕ್ಕಬಸಪ್ಪ ಎದ್ದು ನಿಂತರು.

"ಅದುವರೆಗೂ ನಾನೂ ಸುಮ್ನೇ ಇದ್ದೆ, ಅದು ನಿಜ" ಎನ್ನುತ್ತಾರೆ ಅವರು. "ಹಗ್ಗ ಜಾರ್ಲಿಲ್ಲ ಕಣ್ರಪ್ಪ, ಜಾರಿದ್ದು ನನ್ ಗಂಟ್ಲು ಅಂದೆ. ಪರದೆ ಹಿಂದಿದ್ದೋರ್ಗೆಲ್ಲ ಗೊತ್ತಿತ್ತಲ್ಲ. ನೀವೂ ಪೇಪರ್‌ನಲ್ಲಿ ಬರೀರಿ, ನನ್ ಹೆಸ್ರು ಹಾಕೇ ಬರೀರಿ." ಬೀಗರ ಮನೆಗೂ ತಾವೇ ಹೋಗಿ ಹೇಳಿ ಬಂದಿದ್ದಾರೆ. "ಅವ್ರು ನಕ್ರು. ನಮ್ಗೂ ಗೊತ್ತಾಗಿತ್ತು ಬುಡಿ, ಅಷ್ಟೊಂದ್ ಸೇಬು ಹಿಡ್ಕಂಡು ಹೆಂಗ್ ನಗೋದು ಅಂತ ಸುಮ್ನಿದ್ವಿ ಅಂದ್ರು."

ಅದೇ ಸಭೆಯಲ್ಲಿ ಶ್ರುತಿ ಇಳಿಯಿತು. ಎರಡನೆಯ ಕಪ್ಪು ಮನೆಯಿಂದ ಮೊದಲನೆಯ ಬಿಳಿ ಮನೆಗೆ. ಕರಿಯಯ್ಯನವರ ಶ್ರುತಿಯಲ್ಲಿ ಪ್ರಾರ್ಥನೆಯ ಹಾಡೊಂದನ್ನು ಅಮೃತೇಶ್ ತಾವೇ ಹಾಡುವುದೆಂದು ಒಪ್ಪಂದವಾಯಿತು. ಸೀನರಿ ನಿಂಗರಾಜು ಅವರದೇ ಎಂದೂ ಆಯಿತು. ಸುದ್ದಿ ತಂದ ಚಿಕ್ಕಬಸಪ್ಪ ಅವರ ಮೇಲೆ ನಿಂಗರಾಜು ರೇಗಿದರಂತೆ. "ಯಾಕ್ ಏಳುದ್ರಿ ಚಿಕ್ಕಬಸಪ್ಪೋರೆ, ಇನ್ನೊಂದ್ ತಿಂಗ್ಳು ಬುಟ್ಟಿದ್ರ ಜನವೇ ಮರ್ತೋಯ್ತಿದ್ರು ಅಂದೆ. ಇವ್ಳು ಒಳ್ಗಿಂದ ಬಂದು, ನೀವ್ ಕುಂತ್ಕಳಿ ಅಣ್ಣ, ಕಾಪಿ ಕುಡೀರಿ ಅಂದ್ಳು."

ಕೈಬಿಟ್ಟ ಎರಡು ಊರುಗಳಲ್ಲಿ ಒಂದರಿಂದ ಮತ್ತೆ ಫೋನ್ ಬಂದಿದೆ. ಇನ್ನೊಂದರಿಂದ ಬಂದಿಲ್ಲ.

ಹತ್ತು ಗಂಟೆಗೆ ಕಲ್ಯಾಣ ಮಂಟಪ ಅರ್ಧ ತುಂಬಿದೆ. ಪ್ರಾರ್ಥನೆ ಮುಗಿದು ರತ್ನಕೇತು ಪ್ರವೇಶಿಸುತ್ತಾನೆ. ಎರಡನೆಯ ಸಾಲು ಬಂದಾಗ ಮಂಡಳಿಯವರು ತಲೆ ತಗ್ಗಿಸಿ ಕೂತಿದ್ದಾರೆ. ಚಿಕ್ಕಬಸಪ್ಪ ಅವರ ದನಿ ಮೇಲೆ ಹೋಗಿ, ಅಲ್ಲಿ ಸ್ವಲ್ಪ ನಡುಗಿ, ಇಳಿಯುತ್ತದೆ. ಚಪ್ಪಾಳೆ ಹೆಚ್ಚಿಲ್ಲ, ಕೂಗೂ ಇಲ್ಲ. ಇಡೀ ನಾಟಕದಲ್ಲಿ 'ಒನ್ಸ್ ಮೋರ್' ಕೇಳಿಬಂದದ್ದು ಒಂದೇ ಸಲ, ಅದೂ ರಾಣಿಯ ಪಾತ್ರಕ್ಕೆ ಮೈಸೂರಿನಿಂದ ಬಂದ ವೃತ್ತಿ ನಟಿಗೆ. ಊಟದ ಬಿಡುವಿನ ನಂತರ ಕೆಲವರು ಹಿಂತಿರುಗುವುದಿಲ್ಲ. ಹೊರಗೆ ಚಪ್ಪಲಿ ಹುಡುಕುತ್ತಿದ್ದ ವ್ಯಾಪಾರಿಯೊಬ್ಬರು, "ಪರವಾಗಿಲ್ಲ, ಕೂತ್ಕೊಂಡು ನೋಡ್ಬೌದು" ಎನ್ನುತ್ತಾರೆ. ಹಳೆಯ ಹೆಸರಿಗೆ ತಕ್ಕ ಮಾತಲ್ಲ ಅದು.

ಮೂರೂವರೆಗೆ ಮಂಗಳದ ಹಾಡು ಮುಗಿದು ಪರದೆ ಇಳಿಯುತ್ತದೆ. ಬಣ್ಣ ಒರೆಸಿಕೊಳ್ಳುತ್ತ ನಟರು ಫೋಟೊ ತೆಗೆಸಿಕೊಳ್ಳುತ್ತಿದ್ದಾರೆ. ನಿಂಗರಾಜು ಮತ್ತು ಚಲುವಮ್ಮ ಅರಮನೆಯನ್ನು ಎರಡು ತುದಿಯಿಂದ ಸುತ್ತುತ್ತಿದ್ದಾರೆ. ನಾಟಕ ಹೇಗಿತ್ತು ಎಂದು ಕೇಳಿದರೆ ನಿಂಗರಾಜು ತಲೆ ಎತ್ತುವುದಿಲ್ಲ.

"ನಂಗೇನ್ ಗೊತ್ತು ಸಾ, ನಾನೇನ್ ಎದುರ್ಗಡ ಕುಂತಿದ್ನ?"

ಸುರುಳಿಗೆ ದಾರ ಬಿಗಿದು ಗಂಟು ಹಾಕುತ್ತಾರೆ. ಆಮೇಲೆ ಹೇಳುತ್ತಾರೆ: "ಸೀನ್ ಮುಗುದ್ಮೇಲೇ ಪರದ ಬುಟ್ಟೆ ಸಾ. ಒಂದೊಂದ್ ಸೀನೂವೆ."