ಹಡಗು ಸುಮ್ಮನಾದ ಮೇಲೆ

ಗುಂಯ್ ಎನ್ನುವ ಆ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಿಳಿಯುತ್ತದೆ. ಬೆಳಗಿನ ಏಳಕ್ಕೆ ಸರಕಿನ ಹಡಗೊಂದು ಐದನೇ ಕಟ್ಟೆಗೆ ಬಂದು ನಿಂತಿತ್ತು. ದೊಡ್ಡ ಎಂಜಿನ್ ಆರಿದ್ದರೂ ಒಳಗಿನ ಜನರೇಟರುಗಳು ಓಡುತ್ತಲೇ ಇದ್ದವು. ದೀಪಕ್ಕೆ, ಪಂಪಿಗೆ, ಹಣ್ಣು ತುಂಬಿದ ತಣ್ಣನೆಯ ಪೆಟ್ಟಿಗೆಗಳಿಗೆ ಎಂದು ಹಡಗು ನಿಂತಲ್ಲೇ ಡೀಸೆಲ್ ಸುಡುತ್ತಿರುತ್ತದೆ. ಅದನ್ನು ನಿಲ್ಲಿಸುವುದೇ ಕೇಬಲ್ಲಕ್ಕನ ಕೆಲಸ.

ಅವಳ ನಿಜವಾದ ಹೆಸರು ಬಂದರಿನ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ವಯಸ್ಸು ಐವತ್ತನಾಲ್ಕು. ಮೊಣಕೈವರೆಗೆ ರಬ್ಬರಿನ ಕೈಗವಸು, ಗಂಡಸರ ಅಳತೆಯ ಬೂಟು, ಅದು ಜಾರದಿರಲಿ ಎಂದು ಎರಡೆರಡು ಕಾಲುಚೀಲ. ಕಟ್ಟೆಯ ಗುಂಡಿಯಿಂದ ತೋಳು ದಪ್ಪದ ಕೇಬಲ್ ಎಳೆದು ಹಡಗಿಗೆ ನೆಲದ ಕರೆಂಟು ಕೊಡುತ್ತಾಳೆ. ಅದು ಹತ್ತಿದ ಮೇಲೆ ಹಡಗಿನವರು ಜನರೇಟರ್ ಆರಿಸುತ್ತಾರೆ. ಆರಿತೋ ಇಲ್ಲವೋ ಎಂದು ಮೀಟರ್ ನೋಡುವುದು ಉಳಿದವರ ಪದ್ಧತಿ. ಇವಳು ಹಡಗಿನ ಹಗ್ಗ ಬಿಗಿದ ಕಬ್ಬಿಣದ ಗೂಟದ ಮೇಲೆ ಬರಿಯ ಅಂಗೈ ಇಡುತ್ತಾಳೆ. ನಡುಕ ನಿಂತರೆ ಹಡಗು ಮಲಗಿತು.

“ಮಗು ತಟ್ಟೋ ಹಾಗೆ ತಟ್ತೀಯಲ್ಲಕ್ಕ, ಒಂದು ಜೋಗುಳನೂ ಹಾಡಿಬಿಡು!” ಎಂದು ಕ್ರೇನಿನವನು ಮೇಲಿಂದ ಕೂಗುವುದುಂಟು.

ಕಷ್ಟವಿರುವುದು ಆಮೇಲಿನ ಗಳಿಗೆಯಲ್ಲಿ. ಹಡಗು ಸುಮ್ಮನಾದ ಕೂಡಲೇ ಅವಳಿಗೆ ತಂಗಿಯ ಉಸಿರು ಕೇಳಿಸುತ್ತದೆ. ಎಳೆದುಕೊಂಡ ಉಸಿರಿನ ತುದಿಯಲ್ಲಿ ಸಣ್ಣದೊಂದು ಸೀಟಿ. ತಂಗಿ ಹೋಗಿ ಹನ್ನೊಂದು ವರ್ಷವಾಯಿತು. ಆದರೂ ಕಟ್ಟೆಯ ಎದುರಿನ ಬೀದಿಯಲ್ಲಿ, ಎರಡನೇ ಮಹಡಿಯ ಹಸಿರು ಕಿಟಕಿಯ ಕಡೆಯಿಂದಲೇ ಅದು ಬರುತ್ತದೆ. ಕೇಬಲ್ಲಕ್ಕ ಅತ್ತ ನೋಡುವುದಿಲ್ಲ. ಕ್ರೇನು ಮತ್ತೆ ಕಿರುಗುಟ್ಟುವವರೆಗೆ ಬೂಟಿನ ತುದಿ ನೋಡುತ್ತಾ ನಿಲ್ಲುತ್ತಾಳೆ.

ಆ ಕಿಟಕಿಗೆ ತಂಗಿ ಒದ್ದೆ ಬಟ್ಟೆ ಕಟ್ಟುತ್ತಿದ್ದಳು. ಸಂಜೆಯೊಳಗೆ ಅದು ಕಪ್ಪಾಗುತ್ತಿತ್ತು. “ಅಕ್ಕಾ, ಕಾಡಿಗೆ ಕೊಳ್ಳೋ ಕೆಲಸವೇ ಇಲ್ಲ ನೋಡು, ಕಿಟಕಿ ಸವರಿದರೆ ಎರಡು ಕಣ್ಣಿಗೂ ಸಾಕು,” ಎಂದು ನಗಲು ಹೋಗಿ ಕೆಮ್ಮುತ್ತಿದ್ದಳು.

ಕೇಬಲ್ ಬಂದ ಮೊದಲ ವರ್ಷದ ಮಾತು. ಎಂಟು ಗಂಟೆಗಿಂತ ಕಡಿಮೆ ನಿಲ್ಲುವ ಹಡಗಿಗೆ ಕೇಬಲ್ ಬೇಡವೆಂದು ಬರೆದುಕೊಡಬಹುದು, ಆದರೆ ಆ ಹೊತ್ತಿನ ಕೇಬಲ್ ಕೆಲಸದವರ ಸಹಿ ಇರಬೇಕು ಎಂಬುದು ನಿಯಮ. ಬಂದರಿನವರು ಅದನ್ನು ಬೇಡಚೀಟಿ ಎನ್ನುತ್ತಾರೆ. ಒಂದು ದಿನ ಸೊಂಟ ಹಿಡಿದಿತ್ತು, ಹಡಗಿನವರು ಐದೇ ಗಂಟೆ ಎಂದರು, ಕೇಬಲ್ಲಕ್ಕ ಸಹಿ ಹಾಕಿದಳು. ಮಧ್ಯಾಹ್ನ ಕ್ರೇನು ಕೆಟ್ಟಿತು. ಅಷ್ಟರಲ್ಲಿ ಐದನೇ ಕಟ್ಟೆಯ ಕರೆಂಟನ್ನು ಬೇರೆ ಹಡಗಿಗೆ ತಿರುಗಿಸಿಯಾಗಿತ್ತು. ಐದು ಗಂಟೆಯ ಹಡಗು ಮೂರು ದಿನ ಹೊಗೆಯುಗುಳಿತು, ಗಾಳಿ ಬೀದಿಯ ಕಡೆಗೇ ಇತ್ತು. ಮೂರನೆಯ ದಿನ ತಂಗಿಯನ್ನು ಆಸ್ಪತ್ರೆಗೆ ಒಯ್ದರು. ಅವಳು ಮರಳಲಿಲ್ಲ.

ಶ್ವಾಸಕೋಶ ಬಹಳ ವರ್ಷಗಳಿಂದಲೇ ಕೆಟ್ಟಿತ್ತು ಎಂದರು ಡಾಕ್ಟರು. ಕೇಬಲ್ಲಕ್ಕ ಆ ಮಾತಿನ ಮೇಲೂ ಅಂಗೈ ಇಟ್ಟು ನೋಡಿದಳು. ನಡುಕ ನಿಂತಿರಲಿಲ್ಲ. ಸಹಿಯ ವಿಷಯ ಯಾರಿಗೂ ಹೇಳಲಿಲ್ಲ. ಮತ್ತೆಂದೂ ಬೇಡಚೀಟಿ ಮುಟ್ಟಲೂ ಇಲ್ಲ.

ಇಂದಿನ ಹಡಗಿನ ಇಂಜಿನಿಯರ್ ಏಣಿಯ ಮೇಲೆ ನಿಂತು ಕೈ ಆಡಿಸಿದ. “ಅಕ್ಕಾ, ನಾವಿರೋದು ಆರೇ ಗಂಟೆ. ಹಾಕೋಕೆ ಒಂದು, ತೆಗೆಯೋಕೆ ಒಂದು. ಉಳಿಯೋದೆಷ್ಟು ಹೇಳಿ?”

“ನಾಲ್ಕು. ನಂಗೂ ಲೆಕ್ಕ ಬರುತ್ತಪ್ಪ. ಹೋಗಿ ಪ್ಲಗ್ಗಿನ ಮುಚ್ಚಳ ತೆಗಿ.”

ಅವನು ನಕ್ಕು, ಕಟ್ಟೆಯ ಮೇಲೆ ಬರುತ್ತಿದ್ದ ಹುಡುಗಿಯ ಕಡೆ ಬೆರಳು ತೋರಿಸಿ ಒಳಗೆ ಹೋದ. ಬರುತ್ತಿದ್ದವಳು ತಂಗಿಯ ಮಗಳು. ಇಪ್ಪತ್ತಾರರ ಹುಡುಗಿ, ಬಂದರಿನ ಆಫೀಸಿನಲ್ಲಿ ಗುಮಾಸ್ತೆ. ಮಲಗುವುದು ಈಗಲೂ ಅದೇ ಹಸಿರು ಕಿಟಕಿಯ ಕೋಣೆಯಲ್ಲಿ. ಕೈಯಲ್ಲಿ ಬೇಡಚೀಟಿ ಇತ್ತು.

“ದೊಡ್ಡಮ್ಮ, ಸಾಹೇಬರು ಹೂಂ ಅಂದಿದ್ದಾರೆ. ನಿನ್ನ ಸಹಿ ಒಂದೇ ಬಾಕಿ. ಹಟ ಹಿಡಿಬೇಡ, ಬೈಸಿಕೊಳ್ಳೋಳು ನಾನು.”

“ಬೆಳಿಗ್ಗೆ ಕೆಮ್ಮುತ್ತಿದ್ದೆಯಲ್ಲೇ?”

“ಅದು ಶೀತ.”

“ನಿಮ್ಮಮ್ಮನೂ ಶೀತ ಅಂತಲೇ ಅಂದಿದ್ದು.”

ಹುಡುಗಿ ಪೆನ್ನು ಚಾಚಿದಳು. ಕೇಬಲ್ಲಕ್ಕ ಅದನ್ನು ತೆಗೆದುಕೊಂಡು, ಮಗುವಿಗೆ ಸಿಗಿಸುವಂತೆ ಅವಳ ಜೇಬಿಗೇ ಸಿಗಿಸಿದಳು. ಆಮೇಲೆ ಗವಸು ಕಳಚಿ ಗೂಟದ ಮೇಲೆ ಅಂಗೈ ಇಟ್ಟಳು. ಕಬ್ಬಿಣ ಒಳಗೊಳಗೇ ನಡುಗುತ್ತಿತ್ತು.

ಹುಡುಗಿ ಬೇಡಚೀಟಿಯನ್ನು ಎರಡಾಗಿ ಮಡಿಸಿದಳು. “ನಿನ್ನೆ ಹಳೇ ಫೈಲು ತೆಗೆದಿದ್ದೆ,” ಎಂದಳು. “ಮೊದಲ ವರ್ಷದಿಂದ ಇಲ್ಲೀವರೆಗಿನ ಬೇಡಚೀಟಿ ಎಲ್ಲ ಅದರಲ್ಲೇ ಇವೆ. ಎಲ್ಲದರಲ್ಲೂ ಬೇರೆಯವರ ಸಹಿ. ನಿನ್ನದು ಒಂದೇ ಒಂದು.”

ಅಂಗೈ ಗೂಟದ ಮೇಲೇ ಇತ್ತು.

“ತಾರೀಖು ನೋಡಿದೆ, ದೊಡ್ಡಮ್ಮ. ಅಮ್ಮನ್ನ ಆಸ್ಪತ್ರೆಗೆ ಸೇರಿಸೋಕೆ ಎರಡು ದಿನ ಮುಂಚೆ.”

ಕೇಬಲ್ಲಕ್ಕ ಗವಸು ಏರಿಸಿದಳು, ಒಂದೊಂದೇ ಬೆರಳು, ನಿಧಾನವಾಗಿ.

“ನಾನು ಬೈತಾ ಇಲ್ಲ ಕಣೇ ದೊಡ್ಡಮ್ಮ. ನಿನ್ನ ಬಾಯಿಂದ ಕೇಳಬೇಕು ಅಷ್ಟೇ. ಆವತ್ತು ನೀನು…”

ಕೇಬಲ್ಲಕ್ಕ ಆಗಲೇ ಹೊರಟಿದ್ದಳು. ಬೂಟು ಎಳೆಯುತ್ತಾ, ಕೇಬಲ್ ಗುಂಡಿಯ ಕಡೆಗೆ.