ಸಾಲಿನಲ್ಲಿದ್ದ ಸ್ಟಿಕ್ಕು

...ಇಲ್ಲ, ಹಿಡಿಗೆ ಸುತ್ತಿದ್ದುದು ಸೈಕಲ್ ಟ್ಯೂಬೇ ಇರಬೇಕು, ಏಕೆಂದರೆ ಈಗಲೂ ಅದು ಅಂಗೈಗೆ ಅಂಟುತ್ತದೆ. ಆದರೆ ನನ್ನ ನೆನಪಿನಲ್ಲಿ ಅದು ಕೆಂಪು, ಬಾಗಿಲ ಹಿಂದೆ ನಿಂತಿರುವ ಸ್ಟಿಕ್ಕಿನಲ್ಲಿ ಕಪ್ಪು. ಅಟ್ಟದ ಚೀಲ ಎಳೆಯಲು, ಬಾಲ್ಕನಿಯ ತಂತಿಯಿಂದ ಬಟ್ಟೆ ಇಳಿಸಲು ಮನೆಯವರೆಲ್ಲ ಬಳಸುವ ಈ ಹಾಕಿ ಸ್ಟಿಕ್ಕಿನ ಬಣ್ಣವೇ ಸರಿಯಾಗಿ ಉಳಿಯದ ತಲೆಯಲ್ಲಿ ಉಳಿದದ್ದೆಲ್ಲ ಹೇಗೆ ನಿಜವಾದೀತು ಎಂದು ನೀವು ಕೇಳಬಹುದು. ಕೇಳಿ. ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನೂ ಗುರುನಾಥನೂ ಪುಣೆಯ ಒಂದು ಕಾಲೇಜಿನಲ್ಲಿ ಓದುತ್ತಿದ್ದೆವು. ಹಾಕಿ ಆಡುತ್ತಿರಲಿಲ್ಲ, ಓಣಿಯ ಹಾಕಿ ಕ್ಲಬ್ಬಿನ ಮೈದಾನದ ಮೋಟುಗೋಡೆಯ ಮೇಲೆ ಕೂತು ಆಡುವವರಿಗಿಂತ ಹೆಚ್ಚು ಬೆವರುತ್ತಿದ್ದೆವು. ನಮ್ಮ ತಂಡದ ಜೀವವೆಂದರೆ ಬಸವರಾಜ. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ, ಲೋಕಲ್ ರೈಲು ಹಿಡಿದು, ಮೈದಾನಕ್ಕೆ ಓಡಿ ಬರುತ್ತಿದ್ದ. ಕಾರ್ಖಾನೆಯ ಗೇಟಿನಲ್ಲಿ ಸ್ಟಿಕ್ಕು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ಅದು ನಮ್ಮ ಬಳಿಯೇ ಇರುತ್ತಿತ್ತು.

ಕೋಚ್ ಸೈನ್ಯದಿಂದ ನಿವೃತ್ತರಾದ ಸುಭೇದಾರರು. ಅವರದೊಂದು ಪದ್ಧತಿ: ಸರಿಯಾಗಿ ನಾಲ್ಕಕ್ಕೆ ಎಲ್ಲರೂ ತಮ್ಮ ತಮ್ಮ ಸ್ಟಿಕ್ಕುಗಳನ್ನು ಗೆರೆಯ ಮೇಲೆ ಸಾಲಾಗಿ ಇಡಬೇಕು. ಅವರು ಮುಖ ನೋಡುತ್ತಿರಲಿಲ್ಲ, ಸಾಲು ನೋಡುತ್ತಿದ್ದರು. ಸಾಲಿನಲ್ಲಿ ಸ್ಟಿಕ್ಕಿಲ್ಲದವನು ಮುಂದಿನ ಪಂದ್ಯದಲ್ಲಿ ಇಲ್ಲ.

ಆ ದಿನ ನಾಲ್ಕಕ್ಕೆ ಐದು ನಿಮಿಷ ಉಳಿದಿತ್ತು, ಬಸವರಾಜ ಬಂದಿರಲಿಲ್ಲ. ಭಾನುವಾರದ ಪಂದ್ಯ ನೋಡಲು ಆಟಗಾರರಿಗೆ ನೌಕರಿ ಕೊಡುವ ಇಲಾಖೆಯವರು ಬರುವವರಿದ್ದರು. ಅವನ ಪಾಲಿಗೆ ಅದು ಕಾರ್ಖಾನೆಯಿಂದ ಹೊರಬೀಳುವ ಒಂದೇ ದಾರಿ.

"ನಿಯಮ ಅಂದ್ರ ನಿಯಮಪಾ," ಎಂದ ಗುರುನಾಥ. "ಇವತ್ತ ಬಸ್ಯಾನ್ನ ಬಿಟ್ರ, ನಾಳೆ ಹನ್ನೊಂದೂ ಮಂದಿಗೆ ಒಂದೊಂದು ಲೋಕಲ್ ತಡಾ ಆಗ್ತದ."

"ನಿಮ್ಮಪ್ಪನ ಆಫೀಸು ಮನಿ ಬಾಜೂಕ ಅದ. ಲೋಕಲ್ ಅಂದ್ರ ನಿನಗೇನ ಗೊತ್ತಲೇ?" ಎಂದೆ. ಕೋಚ್ ಬದಲಾಗಬೇಕೆಂದು ನಾನೇ ಬರೆದು ಸಹಿ ಹಾಕಿಸಿದ್ದ ಅರ್ಜಿ ಜೇಬಿನಲ್ಲಿತ್ತು. "ಮುಂದಿನ ವರ್ಷ ಹೊಸಬ್ರು ಬರ್ತಾರಂತ. ಭಾಳ ಚಲೋ ಮನಷ್ಯಾ, ಯಾವಾಗ್ಲೂ ನಗತಾರಂತ."

"ಹಂಗಾರ ನಕ್ಕೊಂತ ಸೋಲೋಣಂತ, ಬಾ."

ಇಲ್ಲಿಂದ ಮುಂದೆ ನನ್ನ ನೆನಪು ಎರಡು ದಾರಿ ಹಿಡಿಯುತ್ತದೆ. ಒಂದರಲ್ಲಿ ನಾನು ಗೋಡೆಯಿಂದ ಧುಮುಕಿ ಬಸವರಾಜನ ಸ್ಟಿಕ್ಕನ್ನು ಸಾಲಿನಲ್ಲಿಟ್ಟು ಬರುತ್ತೇನೆ. ಇನ್ನೊಂದರಲ್ಲಿ, ನಿಯಮ ನಿಯಮ ಎನ್ನುತ್ತಿದ್ದ ಗುರುನಾಥನೇ ಗೊಣಗುತ್ತ ಎದ್ದು ಹೋಗುತ್ತಾನೆ, ನಾನು ಕೂತಲ್ಲೇ ಅವನ ಬೆನ್ನು ನೋಡುತ್ತೇನೆ. ಎರಡರಲ್ಲೂ ಸ್ಟಿಕ್ಕು ಸಾಲಿನಲ್ಲಿದೆ, ಬಸವರಾಜ ಇಲ್ಲ.

ಸುಭೇದಾರರು ನಡೆಯುತ್ತ ಬಂದು ಅದರೆದುರು ನಿಂತು, ಮುಂದೆ ನಡೆದರು. ಇಪ್ಪತ್ತು ನಿಮಿಷದ ಮೇಲೆ ಬಸವರಾಜ ಏದುಸಿರು ಬಿಡುತ್ತ ಬಂದ, ಕೈಗೆ ಇನ್ನೂ ಕಾರ್ಖಾನೆಯ ಗ್ರೀಸು. "ಯಹ್ ಕಿಸನೇ ರಖಾ?" ಇದನ್ನು ಇಟ್ಟವರು ಯಾರು ಎಂದು ಸುಭೇದಾರರು ಕೇಳಿದರು. ಅವನು ಸಾಲು ನೋಡಿದ, ಗೋಡೆಯ ಮೇಲಿದ್ದ ನಮ್ಮಿಬ್ಬರನ್ನು ನೋಡಿದ.

"ಮೈನೇ, ಸರ್." ನಾನೇ ಇಟ್ಟು ಚಹಾಕ್ಕೆ ಹೋಗಿದ್ದೆ ಎಂದ.

ಸುಭೇದಾರರು ಅವನ ಗ್ರೀಸಿನ ಕೈ ನೋಡಿದರು. ನಾವು ನಮ್ಮ ಚಪ್ಪಲಿ ನೋಡಿಕೊಂಡೆವು. ಭಾನುವಾರ ಅವನು ನಮ್ಮ ಜೊತೆ ಗೋಡೆಯ ಮೇಲೆ ಕೂತು, ನೆಲಗಡಲೆ ಸುಲಿಯುತ್ತ, ತನ್ನದೇ ಪಂದ್ಯ ನೋಡಿದ. ಇಲಾಖೆಯವರು ಬಂದರು, ಬೇರೆಯವರ ಹೆಸರು ಬರೆದುಕೊಂಡು ಹೋದರು.

ಮರುವರ್ಷ ಕೋಚ್ ಬದಲಾದರು, ನನ್ನ ಅರ್ಜಿಯಿಂದಲೋ ಸುಭೇದಾರರ ಮೊಣಕಾಲು ನೋವಿನಿಂದಲೋ. ಹೊಸಬರು ನಿಜಕ್ಕೂ ನಗುತ್ತಿದ್ದರು; ಸಾಲಿಡುವ ಪದ್ಧತಿ ನಿಂತಿತು. ಅಷ್ಟರಲ್ಲಿ ಬಸವರಾಜ ಆಟ ಬಿಟ್ಟು ದೂರದ ಕುರಕುಂಭದ ಕಡೆ ಕೆಲಸ ಹಿಡಿದಿದ್ದ. ಹೋಗುವಾಗ, "ನಿನ್ನ ಕಡೇನ ಇರ್ಲಿ ಬಿಡು," ಎಂದು ಸ್ಟಿಕ್ಕನ್ನು ನನ್ನಲ್ಲೇ ಬಿಟ್ಟ.

ಹತ್ತು ವರ್ಷದ ಮೇಲೆ ಪುಣೆಯ ಕ್ಯಾಂಪ್ ಪ್ರದೇಶದ ಒಂದು ಚಹಾದಂಗಡಿಯಲ್ಲಿ ಗುರುನಾಥ ಸಿಕ್ಕಾಗ ಒಂದು ಮಾತು ಹೇಳಿದ. ಸುಭೇದಾರರು ಅವನಿಗೆ ಅಂದಿದ್ದರಂತೆ: ಅವತ್ತು ಲೋಕಲ್ ತಡವೆಂದು ನನಗೆ ಮೊದಲೇ ಗೊತ್ತಿತ್ತು, ಹುಡುಗನನ್ನು ಆಡಿಸುವವನೇ ಇದ್ದೆ, ಆದರೆ ಅವನು ಸುಳ್ಳು ಹೇಳಿದ, ಅದಕ್ಕೇ ಕೂರಿಸಿದೆ.

"ಮತ್ತ, ಸ್ಟಿಕ್ಕ ಇಟ್ಟಾಂವ ನೀನ ಅಲಾ?" ಎಂದ.

"ನಾನಲ್ಲೋ, ನೀನು," ಎಂದೆ. ಇಬ್ಬರೂ ಆಣೆ ಮಾಡುವಷ್ಟು ಖಚಿತವಾಗಿದ್ದೆವು. ಆಮೇಲೆ ಚಹಾ ಆರಿತು, ಬೇರೆ ಮಾತು ಬಂತು.

ಇವತ್ತು ಬೆಳಿಗ್ಗೆ ಅಟ್ಟದ ಚೀಲ ಎಳೆಯುವಾಗ ಹಿಡಿ ಮತ್ತೆ ಅಂಗೈಗೆ ಅಂಟಿತು. ಚೀಲ ಇಳಿಸಿ, ಸ್ಟಿಕ್ಕನ್ನು ಬಾಗಿಲ ಹಿಂದೆ ನಿಲ್ಲಿಸದೆ, ನೆಲದ ಮೇಲೆ ನೆಟ್ಟಗೆ ಮಲಗಿಸಿ ನೋಡಿದೆ. ಕೈಗೆ ಸಾಲಿನಲ್ಲಿಡುವ ಆ ಭಂಗಿಯ ಗುರುತೇನಾದರೂ ಇದ್ದೀತೇ ಎಂದು. ಇರಲಿಲ್ಲ. ಸುಭೇದಾರರು ಕೇಳಿದಾಗ ಗೋಡೆಯಿಂದ ಇಳಿದು ಇಟ್ಟದ್ದು ನಾವೆಂದು ಹೇಳಲು ಇಪ್ಪತ್ತು ಹೆಜ್ಜೆ ಸಾಕಿತ್ತು, ಇಬ್ಬರೂ ಇಳಿಯಲಿಲ್ಲ. ಅದು ಮಾತ್ರ ಎರಡೂ ನೆನಪಿನಲ್ಲಿ ಒಂದೇ ಥರ ಇದೆ. ಇಳಿದಿದ್ದರೆ ಅವನು ಭಾನುವಾರ ಆಡುತ್ತಿದ್ದನೇ, ಗೊತ್ತಿಲ್ಲ. ಸ್ಟಿಕ್ಕು ಇಟ್ಟವರು ಯಾರು, ಅದೂ ಗೊತ್ತಿಲ್ಲ.