ಕಿಟಕಿಯಿಂದ ಹತ್ತಿದ ಕಂಬಳಿ

ಗಡಿಯ ಮರಾಠಿ ಬದಿಯಲ್ಲಿರುವ ನಮ್ಮ ಕನ್ನಡದ ಊರು ಬೆಳುಂಕಿ; ಅಲ್ಲಿಯ ಯಲ್ಲವ್ವನಿಗೆ ಈಗ ನಲವತ್ತಾರು. ಆಕೆಯ ಮನೆ ನಮ್ಮ ಮನೆಯಿಂದ ನಾಲ್ಕನೆಯದು; ನಡುವೆ ಒಂದು ಹಿಟ್ಟಿನ ಗಿರಣಿ, ಒಂದು ಬೇವಿನ ಮರ. ಗಂಡ ಸಾತಪ್ಪ ವರ್ಷದ ಎಂಟು ತಿಂಗಳು ಕುರಿಗಳ ಹಿಂದೆಯೇ ಇರುತ್ತಾನೆ. ಅವರ ಮನೆತನದಲ್ಲಿ ಉಣ್ಣೆ ನೂಲುವುದು ಹೆಂಗಸರ ಕೆಲಸ, ಮಗ್ಗಕ್ಕೆ ಕೂರುವುದು ಗಂಡಸರ ಕೆಲಸ ಎಂದು ನಡೆದುಬಂದಿತ್ತು. ಏಳು ವರ್ಷದ ಹಿಂದೆ ಮಾವನ ಕೈ ನಡುಗತೊಡಗಿ ಕಂಬಳಿಯೊಂದು ಅರ್ಧಕ್ಕೇ ಮಗ್ಗದ ಮೇಲೆ ಉಳಿದಾಗ, ಯಲ್ಲವ್ವ ಯಾರನ್ನೂ ಕೇಳದೆ ಮಗ್ಗದ ಕುಣಿಗೆ ಇಳಿದು ಉಳಿದರ್ಧವನ್ನು ಮುಗಿಸಿದಳು. ಮಾವನ ಕೈ ಎಲ್ಲಿ ನಿಂತಿತು, ಸೊಸೆಯ ಕೈ ಎಲ್ಲಿ ಹಿಡಿಯಿತು ಎಂಬುದನ್ನು ಆ ಕಂಬಳಿಯಲ್ಲಿ ಇದುವರೆಗೆ ಯಾರೂ ತೋರಿಸಿಕೊಟ್ಟಿಲ್ಲ. ಅಂದಿನಿಂದ ಆ ಮಗ್ಗ ಆಕೆಯದೇ. ಸಂತೆಯಲ್ಲಿ ಮಾತ್ರ ಆಕೆ ನೇಯ್ದದ್ದೆಲ್ಲ ‘ಸಾತಪ್ಪನ ಕಂಬಳಿ’ ಎಂಬ ಹೆಸರಿನಲ್ಲಿಯೇ ಹೋಗುತ್ತದೆ.

ಊರಿನ ವಾಚನಾಲಯವನ್ನು ನಾನು ನೋಡಿಕೊಳ್ಳುವುದರಿಂದ ಅರ್ಜಿಗಳು ನನ್ನ ಬಳಿಗೆ ಬರುತ್ತವೆ. ಪುಣೆಯ ಆಚೆ, ಚಿಂಚವಡದಲ್ಲಿ ಉಣ್ಣೆ ನೇಕಾರರ ಪ್ರದರ್ಶನವೊಂದು ಏರ್ಪಟ್ಟಿತ್ತು. ಅದರ ಸ್ಪರ್ಧೆಯ ಅರ್ಜಿ ತುಂಬುವಾಗ ನೇಕಾರರ ಹೆಸರಿನ ಮುಂದೆ ನನ್ನ ಪೆನ್ನು ನಿಂತಿತು.

“ಯಾರ ಹೆಸರ ಬರೀಲಿ, ಯಲ್ಲವ್ವಾ?”

“ಯಾರ ನೇದಾರ, ಅವರದ ಬರೀರಿ ಅಣ್ಣಾರ.”

ಬರೆದೆ. ಕೆಳಗೆ ಒಂದು ಷರತ್ತಿತ್ತು: ೨೦೨೫ರ ಜನವರಿ ಹದಿನೇಳು, ಶುಕ್ರವಾರ, ಮಧ್ಯಾಹ್ನ ಹನ್ನೆರಡರೊಳಗೆ ನೇಕಾರರು ಸ್ವತಃ ಬಂದು ವಸ್ತುವನ್ನು ಒಪ್ಪಿಸಬೇಕು. ಮಗ ಬೀರು ಜೊತೆಗೆ ಹೋಗುವವನಿದ್ದ. ಹೊರಡುವ ದಿನ ಅವನಿಗೆ ಜ್ವರ. ಮಿರಜ್, ಪಂಢರಪುರಗಳ ಆಚೆಗೆ ಒಮ್ಮೆಯೂ ಹೋಗದ ಯಲ್ಲವ್ವ, “ನಾನೂ ಜ್ವರದಾಗ ಮಲಗಿದರ ಕಂಬಳಿ ತಾನ ನಡಕೊಂಡ ಹೋಗತೈತೇನು?” ಎಂದು ಗಂಟು ಕಟ್ಟಿದಳು. ನಾನು ಒಂದು ಚೀಟಿ ಬರೆದುಕೊಟ್ಟೆ: ಪುಣೆಯ ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ಇಳಿಯುವುದು, ನಿಗಡಿಗೆ ಹೋಗುವ ನಗರ ಬಸ್ಸು ಹಿಡಿಯುವುದು, ಚಿಂಚವಡದಲ್ಲಿ ಇಳಿಯುವುದು, ಹೀಗೆ ಹನ್ನೊಂದು ಸೂಚನೆಗಳು. ಏನನ್ನೂ ಬಿಟ್ಟಿಲ್ಲವೆಂದೇ ನನ್ನ ನಂಬಿಕೆಯಾಗಿತ್ತು.

ಬಿಟ್ಟಿದ್ದೇನು ಎಂಬುದನ್ನು ಹೇಳಬೇಕಾದರೆ ನಮ್ಮ ತಾಲೂಕಿನ ಊರು ಜತ್ತದ ಬಸ್ ಸ್ಟ್ಯಾಂಡಿನ ರೂಢಿಯನ್ನು ಹೇಳಬೇಕು. ಅಲ್ಲಿ ಬಸ್ಸಿಗೆ ಬಾಗಿಲಿನಿಂದ ಜನ ಹತ್ತುವ ಮೊದಲು ಕಿಟಕಿಯಿಂದ ಸಾಮಾನು ಹತ್ತುತ್ತದೆ. ಬಸ್ಸು ಇನ್ನೂ ಹಿಂದೆ ಸರಿದು ನಿಲ್ಲುತ್ತಿರುವಾಗಲೇ ಟಾವೆಲು, ಚೀಲ, ಕೊಡೆ, ಒಮ್ಮೆ ನಾನೇ ಕಂಡಂತೆ ಒಂದು ಕುಂಬಳಕಾಯಿ ಒಳಗೆ ಹೋಗಿ ಸೀಟಿನ ಮೇಲೆ ಕೂರುತ್ತವೆ. ಯಾರ ವಸ್ತುವೋ ಅವರ ಸೀಟು. ಈ ವಿಷಯದಲ್ಲಿ ವ್ಯಾಜ್ಯವಿಲ್ಲ. ಜಗಳಗಂಟರೂ ಇದನ್ನು ಮನ್ನಿಸುತ್ತಾರೆ. ಯಲ್ಲವ್ವನ ಗುರಿ ಸುತ್ತಲ ಊರುಗಳಲ್ಲಿಯೇ ಹೆಸರಾದದ್ದು.

ಶುಕ್ರವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಆಕೆ ಸ್ವಾರಗೇಟಿನಲ್ಲಿ ಇಳಿದಳು. ಮುಂದಿನದನ್ನು ಆಕೆ ನನಗೆ ಎರಡು ಸಲ ಹೇಳಿದ್ದಾಳೆ. ಅಲ್ಲಿ ನಡೆದ ಮಾತುಕತೆ ಬಹುಪಾಲು ಮರಾಠಿಯದು. ಆಕೆ ನಮ್ಮ ಮಾತಿನಲ್ಲಿ ಹೇಳಿದಳು, ನಾನು ಹಾಗೆಯೇ ಬರೆದುಕೊಂಡೆ.

ನಿಗಡಿಯ ಬಸ್ಸು ಬಂದಾಗ ಜನ ಸಾಲಾಗಿ ನಿಂತಿದ್ದರು. ಸಾಲಿನಲ್ಲಿ ನಿಲ್ಲುವುದೆಂದರೆ ಸೀಟಿನ ಆಸೆ ಬಿಟ್ಟವರ ಲಕ್ಷಣವೆಂದು ಯಲ್ಲವ್ವನಿಗೆ ತೋರಿತು. ಮಧ್ಯದ ಕಿಟಕಿಯೊಂದರ ಗಾಜು ಸರಿದಿತ್ತು. ಒಳಗೆ ಒಬ್ಬ ಹೆಂಗಸು, ಪಕ್ಕದ ಕಿಟಕಿ ಸೀಟು ಖಾಲಿ. ಯಲ್ಲವ್ವ ಕಂಬಳಿಯ ಗಂಟನ್ನು ಎತ್ತಿ ಒಳಗೆ ಬಿಟ್ಟಳು. ಅದು ಸೀಟಿನ ಮೇಲೆ ಸರಿಯಾಗಿ ಕುಳಿತಿತು. ಅನಂತರ ಆಕೆ ನೆಮ್ಮದಿಯಿಂದ ಬಾಗಿಲಿನ ಕಡೆ ನಡೆದಳು. ಅದು ಇಳಿಯುವವರ ಬಾಗಿಲು. ಇಳಿಯುವವರು ಮುಗಿದ ಮೇಲೆ ಹತ್ತೋಣವೆಂದು ಮರ್ಯಾದೆಯಿಂದ ನಿಂತಳು. ಅವರು ಮುಗಿದರು, ಬಾಗಿಲು ಮುಚ್ಚಿತು, ಬಸ್ಸು ಹೊರಟಿತು.

ಒಂಬತ್ತೂ ನಲವತ್ತಕ್ಕೆ ನನ್ನ ಫೋನು ರಿಂಗಾಯಿತು.

“ಅಣ್ಣಾರ, ಕಂಬಳಿ ಹೋತ್ರಿ.”

“ಯಾರ ಕದ್ದರು?”

“ಯಾರೂ ಕದ್ದಿಲ್ಲರಿ. ನಾನ ಸೀಟ ಹಿಡದೆ. ಸೀಟ ಸಿಕ್ತು. ನಾ ಉಳದೆ.”

ಇನ್ನೂರೈವತ್ತು ಕಿಲೋಮೀಟರ್ ದೂರದಿಂದ ನಾನು ಕೊಡಬಹುದಾದ ಹನ್ನೆರಡನೆಯ ಸೂಚನೆ ನನಗೆ ಹೊಳೆಯಲಿಲ್ಲ. ಅಲ್ಲಿ ಯಾರನ್ನಾದರೂ ಕೇಳು ಎಂದಷ್ಟೇ ಹೇಳಿದೆ. ಆ ಗಂಟಿನಲ್ಲಿ ನಾಲ್ಕು ತಿಂಗಳ ಕೆಲಸವಿತ್ತು. ಹನ್ನೆರಡು ಗಂಟೆ ದಾಟಿದರೆ, ಗಂಟು ಸಿಕ್ಕರೂ, ಅದು ಮತ್ತೆ ಸಂತೆಯ ಸಾತಪ್ಪನ ಕಂಬಳಿಯಾಗುತ್ತಿತ್ತು.

ಬಸ್ಸುಗಳ ಹೊತ್ತು ಬರೆದುಕೊಳ್ಳುವ ನೌಕರನೊಬ್ಬ ಕಟಕಟೆಯೊಳಗೆ ಕುಳಿತಿದ್ದ. ಹೆಸರು ನಾಗನಾಥ, ಎದೆಯ ಮೇಲಿನ ಪಟ್ಟಿಯನ್ನು ಆಕೆ ಓದಿಕೊಂಡಳು.

“ಅಂದ್ರ, ಮಾವಶಿ, ನಿಮ್ಮ ಗಂಟು ಸೀಟಿನ ಮ್ಯಾಲ ಕುಂತೈತಿ, ನೀವು ಇಲ್ಲಿ ನಿಂತೀರಿ?”

“ಹೌದ್ರಿ.”

“ಗಂಟಿಗೆ ಬುದ್ಧಿ ಐತಿ ಬಿಡ್ರಿ.”

ಆಕೆ ನಗಲಿಲ್ಲ. ಅವನು ನಗುವುದನ್ನು ಬಿಟ್ಟು ಕಂಡಕ್ಟರನಿಗೆ ಫೋನು ಹಚ್ಚಿದ, ಎತ್ತಲಿಲ್ಲ. ಗಡಿಯಾರ ನೋಡಿದ. ಈ ಹೊತ್ತಿನ ದಟ್ಟಣೆಯಲ್ಲಿ ಬಸ್ಸು ಚಿಂಚವಡದ ಈಚೆಯ ಪಿಂಪರಿಗೆ ಹೋಗಲು ಒಂದು ಗಂಟೆಯ ಮೇಲೆ ಬೇಕು, ನೆಲದಡಿಯ ಮೆಟ್ರೋಗೆ ಅರ್ಧ ಗಂಟೆ ಸಾಕು ಎಂದ. ಅವಳ ಚೀಟಿ ತೆಗೆದುಕೊಂಡು, ಹಿಂಬದಿಯಲ್ಲಿ ಬಸ್ಸಿನ ನಂಬರು ಬರೆದ. “ಕಡೀ ಸ್ಟೇಶನ್‌ದಾಗ ಇಳೀರಿ. ಕೆಳಗ ರಸ್ತಾಕ್ಕ ಬಂದು ಬಸ್ ಸ್ಟಾಪಿನಾಗ ನಿಂದರ್ರಿ. ಬಸ್ಸು ನಿಮ್ಮ ಹಿಂದ ಬರತೈತಿ. ಈ ಸಲ ಮೊದಲ ನೀವು ಹತ್ತರಿ.”

ಮೆಟ್ರೋಗೆ ಇಳಿಯಲು ಚಲಿಸುವ ಮೆಟ್ಟಿಲು. ಯಲ್ಲವ್ವ ಅದರ ಬಾಯಲ್ಲಿ ನಿಂತು ಮೂರು ಮೆಟ್ಟಿಲು ಹೋಗಲು ಬಿಟ್ಟಳು, ನಾಲ್ಕನೆಯದನ್ನೂ ಬಿಟ್ಟಳು. ಹಿಂದೆ ಜನ ನಿಂತರು. ಕಾಜಲ್ ಎಂಬ ಕಾವಲಿನ ಹುಡುಗಿ ಬಂದು ಮೊಣಕೈ ಹಿಡಿದಳು.

“ಕೆಳಗ ನೋಡಬ್ಯಾಡ್ರಿ ಕಾಕೂ, ನನ್ನ ನೋಡ್ರಿ. ಹಾಂ, ಇಡ್ರಿ ಕಾಲು.”

“ಸೀರಿ ಸಿಕ್ಕೊಂಡ್ರ?”

“ನನ್ನ ಡ್ಯೂಟಿ ಹೋಗತೈತಿ. ಅದಕ್ಕ ಎತ್ತಿ ಹಿಡೀರಿ.”

ಟಿಕೀಟಿನ ಕಾಗದದ ಮೇಲೆ ಕಪ್ಪು ಚುಕ್ಕಿಗಳ ಒಂದು ಚೌಕ. ಅದನ್ನು ಯಂತ್ರಕ್ಕೆ ತೋರಿಸಿದರೆ ತಡೆಬಾಗಿಲು ತೆರೆಯುತ್ತದೆ. ಯಲ್ಲವ್ವ ಅದನ್ನು ತೋರಿಸುವ ಬದಲು ಯಂತ್ರದ ಕೈಗೆ ಕೊಡಲು ಹೋದಳು. ಅದಕ್ಕೆ ಕೈ ಇರಲಿಲ್ಲ. ಕಾಜಲ್ ದೂರದಿಂದಲೇ, “ಬರೇ ಮುಖಾ ತೋರಸ್ರಿ!” ಎಂದು ಕೂಗಿದಳು. ಯಲ್ಲವ್ವ ತನ್ನ ಮುಖವನ್ನು ಬಾಗಿಸಿದಳು. ಬಳಿಯಿದ್ದವರೊಬ್ಬರು ಕಾಗದವನ್ನು ತಿರುಗಿಸಿ ಹಿಡಿದ ಮೇಲೆ ಬಾಗಿಲು ತೆರೆಯಿತು. ಈ ಸಂಗತಿಯನ್ನು ಆಕೆ ಮೊದಲ ಸಲ ಹೇಳುವಾಗ ಬಿಟ್ಟಿದ್ದಳು.

ಗಾಡಿ ಬಂತು. ಒಳಗೆ ಸೀಟುಗಳು ಖಾಲಿ, ಒಂದಲ್ಲ ಎರಡಲ್ಲ, ಇಡೀ ಒಂದು ಸಾಲು. ಯಾರೂ ಏನನ್ನೂ ಎಸೆಯಲಿಲ್ಲ. ಆದರೆ ಆಕೆ ಕೂರಲಿಲ್ಲ. ಕಂಬಳಿ ಬೇರೊಂದು ಗಾಡಿಯಲ್ಲಿ ಕೂತಿರುವಾಗ ತಾನು ಇಲ್ಲಿ ಕೂರುವುದು ಸರಿಯೆನಿಸಲಿಲ್ಲವಂತೆ. ಕಂಬ ಹಿಡಿದು, ನಿಲ್ದಾಣಗಳನ್ನು ಬೆರಳಲ್ಲಿ ಎಣಿಸುತ್ತ ನಿಂತಳು. ಮುಂದೊಂದು ಕಡೆ ಗಾಡಿ ನೆಲದೊಳಗಿಂದ ಮೇಲೆದ್ದು ಮನೆಗಳ ಮಾಳಿಗೆಗಿಂತ ಎತ್ತರದಲ್ಲಿ ಓಡತೊಡಗಿತು. ಕೆಳಗೆ ರಸ್ತೆಯಲ್ಲಿ ಬಸ್ಸುಗಳು ಒಂದರ ಹಿಂದೊಂದು ನಿಂತಿದ್ದವು. ಅವುಗಳನ್ನು ದಾಟಿ ಮುಂದೆ ಹೋಗುವಾಗ ಆಕೆಗೆ ಆ ಬೆಳಿಗ್ಗೆ ಮೊದಲ ಬಾರಿಗೆ ಉಸಿರು ಸರಾಗವಾಯಿತು.

ಹತ್ತೂ ಮೂವತ್ತೆಂಟಕ್ಕೆ ಕಡೆಯ ನಿಲ್ದಾಣ, ಪಿಂಪರಿ. ರಸ್ತೆಗೆ ಇಳಿದು ಬಸ್ ಸ್ಟಾಪಿನಲ್ಲಿ ನಿಂತಳು. ಚೀಟಿಯ ಹಿಂಬದಿ ಹಿಡಿದು ಬಂದ ಬಸ್ಸಿನ ನಂಬರನ್ನೆಲ್ಲ ಒಂದೊಂದೇ ಅಂಕಿ ಹೋಲಿಸಿದಳು. ನಾಲ್ಕು ಬಸ್ಸು ಹೋದವು. ಐದನೆಯದರ ಕಂಡಕ್ಟರ್, “ಹತ್ತತೀರೋ, ಬರೇ ಓದತೀರೋ?” ಎಂದು ಕೇಳಿದ. ಹನ್ನೊಂದು ಗಂಟೆಯಾಯಿತು. ಹನ್ನೊಂದೂ ಐದಕ್ಕೆ ಆ ನಂಬರಿನ ಬಸ್ಸು ಬಂದು ನಿಂತಿತು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಜನರ ನಡುವೆ ನುಗ್ಗಿದ ಯಲ್ಲವ್ವನಿಗೆ ಮೊದಲು ಕಂಬಳಿ ಕಾಣಲಿಲ್ಲ, ವಾಸನೆ ಬಂತು: ಹುಣಸೆಬೀಜದ ಗಂಜಿ ಹಿಡಿಸಿದ ಹೊಸ ಉಣ್ಣೆಯ ವಾಸನೆ. ಅಷ್ಟೊಂದು ಜನ ನಿಂತಿರುವಾಗ ಗಂಟು ಮಾತ್ರ ಕಿಟಕಿಯ ಪಕ್ಕ ಆರಾಮಾಗಿ ಕುಳಿತಿತ್ತು. ಅದಕ್ಕೆ ಅಡ್ಡವಾಗಿ ಕೈ ಚಾಚಿಕೊಂಡು ಆ ಹೆಂಗಸು ಕೂತಿದ್ದಳು. ಅವಳು ಯಲ್ಲವ್ವನ ಕುಪ್ಪಸ ನೋಡಿದಳು, ಸೀರೆ ಉಟ್ಟ ಬಗೆ ನೋಡಿದಳು, ಮತ್ತು ನೇರ ಕನ್ನಡದಲ್ಲಿ ಬೈದಳು.

“ಬಂದ್ಯಾ ನಮ್ಮವ್ವಾ? ನಿನ್ನ ಸೀಟ ಕಾಯ್ದು ಕಾಯ್ದು ನನ್ನ ಬಾಯಿ ಬಿದ್ದಹೋತು!”

ಅವಳು ಯಮನವ್ವ. ವಿಜಯಪುರದ ಕಡೆಯವಳು, ಹತ್ತು ವರ್ಷದಿಂದ ನಿಗಡಿಯಲ್ಲಿ ಮನೆಗೆಲಸ ಮಾಡುತ್ತಾಳೆ.

“ಯಕ್ಕಾ, ನಾ ಬರತೀನಂತ ನಿನಗ ಹ್ಯಾಂಗ ಗೊತ್ತು?”

“ಗಂಟ ಇಟ್ಟಾಕಿ ಬರದ ಎಲ್ಲಿ ಹೋಗತಿ? ಶಿವಾಜಿನಗರದಾಗ ಒಬ್ಬ ಸೂಟಿನಾವ ಬಂದ. ‘ಯಾರದ ಇದು’ ಅಂದ. ಸೀಟ ಹಿಡದಾರ, ಬರತಾರ ಅಂದೆ. ‘ಎಲ್ಲಿಂದ ಬರತಾರ, ಬಸ್ಸು ಓಡಾಕತ್ತೈತಿ’ ಅಂದ. ಓಡ್ಲಿ, ಬರತಾರ ಅಂದೆ.”

“ಕಂಡಕ್ಟರ?”

“ಅಂವಾ ಮೂರ ಸಲ ಬಂದ. ನಿಗಡಿ ಮುಟ್ಟಿದ ಮ್ಯಾಲ ಡೇಪೋದಾಗ ಕೊಡತೀನಿ ಅಂದ. ಅಲ್ಲೀತನಾ ಎತ್ತಬ್ಯಾಡಪಾ, ಸೀಟ ಹೋಗತೈತಿ ಅಂತ ನಾನ ಅಂದೆ.”

ಕಂಡಕ್ಟರ್ ಅಷ್ಟರಲ್ಲಿ ಬಂದೇ ಬಿಟ್ಟ. ಗಂಟಿನ ಒಡತಿಯನ್ನು ಕಂಡು ಕೈ ಮುಗಿದ. “ಎಲ್ಲಿಂದ ಕೊಡ್ಲಿ ಟಿಕೀಟು? ಸ್ವಾರಗೇಟಿನಿಂದೋ, ಇಲ್ಲಿಂದೋ?”

“ನಾ ಇಲ್ಲಿಂದ ಹತ್ತೀನ್ರಿ. ಸ್ವಾರಗೇಟಿನಾಗ ಹತ್ತಿದ್ದು ಕಂಬಳಿ,” ಎಂದಳು ಯಲ್ಲವ್ವ. ಅವನು ಅದನ್ನು ಒಪ್ಪಿಕೊಂಡ.

ಗಂಟನ್ನು ತೊಡೆಯ ಮೇಲೆತ್ತಿಕೊಂಡು ಆ ಸೀಟಿನಲ್ಲಿ ಆಕೆ ಕೂತದ್ದು ಹತ್ತು ನಿಮಿಷವೂ ಇರಲಾರದು. ಚಿಂಚವಡದಲ್ಲಿ ಇಳಿಯುವಾಗ ಯಮನವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಲಗೂನ ನಡೀ, ಮತ್ತ ಎಲ್ಲೀಯರ ಒಗದೀ!” ಎಂದು ಕೂಗಿದಳು.

ಸಭಾಂಗಣದ ಮೇಜಿನ ಮುಂದೆ ಆಕೆ ನಿಂತಾಗ ಹನ್ನೊಂದೂ ನಲವತ್ತು. ಮೇಜಿನ ಹಿಂದಿದ್ದ ಸಾಹೇಬರು ಕಂಬಳಿಯನ್ನು ಬಿಚ್ಚಿ, ಅಂಚನ್ನು ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದರು. ಅನಂತರ ಆಕೆಯ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

“ನೇಕಾರ ಎಲ್ಲಿ? ಸ್ವತಃ ಬರಬೇಕು ಅಂತ ಬರದೇವಲ್ಲ.”

“ಬಂದೀನ್ರಿ.”

ಅವರು ಅರ್ಜಿ ನೋಡಿದರು, ಆಕೆಯನ್ನು ನೋಡಿದರು, ಪುಸ್ತಕವನ್ನು ಆಕೆಯ ಕಡೆ ತಿರುಗಿಸಿ ಸಹಿಯ ಜಾಗ ತೋರಿಸಿದರು. ಯಲ್ಲವ್ವ ನಮ್ಮ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ನಿಧಾನವಾಗಿ, ಕನ್ನಡದಲ್ಲಿ, ಒತ್ತಕ್ಷರ ಬಿಡದೆ ಬರೆದಳು. ಸಾಹೇಬರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು, ಮತ್ತೆ ಆಕೆಯ ಕಡೆ ತಿರುಗಿಸಿದರು.

“ಇದನ್ನ ನನಗ ಓದಾಕ ಬರೂದಿಲ್ಲ, ಬಾಯಾರ. ಏನ ಬರದೀರಿ?”

ಆಕೆ ಅಕ್ಷರಗಳ ಕೆಳಗೆ ಬೆರಳಿಟ್ಟು, ಸುತ್ತಲಿನ ಮೇಜುಗಳಿಗೂ ಕೇಳುವಂತೆ ಓದಿ ಹೇಳಿದಳು:

“ಯಲ್ಲವ್ವ. ಬೆಳುಂಕಿ. ನೇದಾಕಿ ನಾನ.”